ಕಿಡ್ನಿ ತೊಂದರೆ ಇರುವವರಿಗೆ ವಾಂತಿ-ಭೇದಿ ಶುರುವಾದರೆ: ಮೊದಲ ದಿನದಿಂದ ಏನೇನು ಮಾಡಬೇಕು

"ಅಪ್ಪನಿಗೆ ಕ್ರಿಯಾಟಿನಿನ್ ಮೂರೂವರೆ ಇದೆ. ನಿನ್ನೆಯಿಂದ ಲೂಸ್ ಮೋಷನ್. ಎಳನೀರು ಕೊಡಬಹುದಾ?" (ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕಬೇಕಾದ ಕಶ್ಮಲ; ರಕ್ತದಲ್ಲಿ ಅದು ಏರಿದೆ ಅಂದರೆ ಕಿಡ್ನಿ ಕೆಲಸ ಕಡಿಮೆಯಾಗಿದೆ ಅಂತ.) ಮಳೆಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಇದರ ಜೊತೆಗೇ ಇನ್ನೊಂದು: "ದಿನಕ್ಕೆ ಒಂದೇ ಲೀಟರ್ ನೀರು ಅಂತ ಡಾಕ್ಟ್ರು ಹೇಳಿದ್ದಾರೆ, ಓ.ಆರ್.ಎಸ್. ಕುಡಿದರೆ ಲೆಕ್ಕ ತಪ್ಪಲ್ವಾ?"

ಹೊಟ್ಟೆ ಕೆಟ್ಟಾಗ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಕೊಡುತ್ತಾ ಬಂದಿರುವ ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಎಲ್ಲದರಲ್ಲೂ ಪೊಟ್ಯಾಸಿಯಂ ಜಾಸ್ತಿ. ಕೆಲಸ ಕಡಿಮೆ ಮಾಡುತ್ತಿರುವ ಕಿಡ್ನಿ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಇನ್ನೊಂದು ಕಡೆ, ನೀರಿಗೆ ಹೆದರಿ ಏನೂ ಕುಡಿಯದೆ ಕೂತರೆ ಬಿ.ಪಿ. ಇಳಿಯುತ್ತದೆ, ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಉಳಿದಿರುವ ಅಷ್ಟಿಷ್ಟು ಶಕ್ತಿಯೂ ಕುಸಿಯುತ್ತದೆ. ಈ ಎರಡು ತಪ್ಪುಗಳ ನಡುವೆ ದಾರಿ ಹಿಡಿಯುವುದು ಹೇಗೆ ಅನ್ನುವುದಷ್ಟೇ ಈ ಲೇಖನ. ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಕೊನೆ.

ಕಿಡ್ನಿ ರೋಗಿಗಳಿಗೆ ಹೊಟ್ಟೆಯ ಸೋಂಕು ಬೇಗ ಅಂಟಲು ಕಾರಣಗಳಿವೆ. ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ರಕ್ತದಲ್ಲಿ ಏರಿದ ಯೂರಿಯಾ ಕರುಳಿಗೂ ಇಳಿದು ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಸಮತೋಲ ಕೆಡಿಸುತ್ತದೆ. ಆಸ್ಪತ್ರೆಗೆ ಓಡಾಟ, ಆಂಟಿಬಯಾಟಿಕ್ ಎರಡೂ ಜಾಸ್ತಿ. ಅದರ ಮೇಲೆ ಆ 'ಗ್ಯಾಸ್ ಮಾತ್ರೆ': ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥವು. ಯಾರೋ ಯಾವಾಗಲೋ ಬರೆದುಕೊಟ್ಟಿದ್ದು, ವರ್ಷಗಟ್ಟಲೆ ಖಾಲಿ ಹೊಟ್ಟೆಗೆ ನುಂಗುತ್ತಲೇ ಇರುತ್ತಾರೆ. ಹೊಟ್ಟೆಯ ಆಮ್ಲ ರೋಗಾಣುಗಳನ್ನು ಕೊಲ್ಲುವ ಮೊದಲ ಕಾವಲು. ಅದನ್ನು ತಗ್ಗಿಸಿದರೆ ಸೋಂಕಿಗೆ ದಾರಿ ಸಲೀಸು. ಮುಂದಿನ ಸಲ ಹೋದಾಗ "ಇದು ಇನ್ನೂ ಬೇಕಾ?" ಅಂತ ಡಾಕ್ಟರನ್ನು ಕೇಳಿ.

ಹುಷಾರಾಗಿರುವಾಗಲೇ ಮಾಡಿಟ್ಟುಕೊಳ್ಳಬೇಕಾದ್ದು

ಮನೆಯಲ್ಲಿ ಇರಬೇಕಾದ್ದು: ಬಿ.ಪಿ. ಮೆಷಿನ್, ತೂಕದ ಯಂತ್ರ, ಥರ್ಮಾಮೀಟರ್, ಶುಗರ್ ಇದ್ದರೆ ಗ್ಲೂಕೋಮೀಟರ್, ಡಬ್ಲ್ಯೂ.ಎಚ್.ಓ. ಸೂತ್ರದ ಓ.ಆರ್.ಎಸ್. ಪ್ಯಾಕೆಟ್ ಎರಡು ಮೂರು. ಇವೆಲ್ಲಕ್ಕಿಂತ ಮುಖ್ಯ ಒಂದು ಚೀಟಿ. ಮುಂದಿನ ಚೆಕಪ್‌ಗೆ ಹೋದಾಗ ಡಾಕ್ಟರಿಗೆ ಮೂರು ಪ್ರಶ್ನೆ ಕೇಳಿ ಉತ್ತರ ಬರೆಸಿಕೊಳ್ಳಿ:

- ವಾಂತಿ-ಭೇದಿ ಆದ ದಿನ ನನ್ನ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಲೇಬಾರದು?
- ನಾನು ಪ್ಯಾಕೆಟ್ ಓ.ಆರ್.ಎಸ್. ಕುಡಿಯಬಹುದಾ, ಎಷ್ಟು?
- ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು?

ಚೀಟಿಯನ್ನು ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಬಿಡಿ. ಫೈಲಿನಲ್ಲಿಟ್ಟರೆ ಬೇಕಾದಾಗ ಸಿಗುವುದಿಲ್ಲ.

ಹಂತ 1: ಇದು ಸೋಂಕೋ, ಮಾತ್ರೆಯ ಪ್ರಭಾವವೋ ನೋಡಿ

24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ ಅದನ್ನು ಭೇದಿ ಅನ್ನುತ್ತೇವೆ. ಸೋಂಕು ಅಂತ ತೀರ್ಮಾನಿಸುವ ಮೊದಲು ಮಾತ್ರೆ ಪಟ್ಟಿ ಮೇಲೆ ಒಮ್ಮೆ ಕಣ್ಣಾಡಿಸಿ. ಮಲಬದ್ಧತೆಗೆ ಕೊಟ್ಟ ಲ್ಯಾಕ್ಟುಲೋಸ್ ಸಿರಪ್ ಇನ್ನೂ ನಡೆಯುತ್ತಿದೆಯಾ? ಹಾಗಿದ್ದರೆ ಮೊದಲು ಅದನ್ನು ನಿಲ್ಲಿಸಿ. ಮೆಟ್‌ಫಾರ್ಮಿನ್ ಹೊಸದಾಗಿ ಶುರುವಾಗಿದೆಯಾ? ಕಿಡ್ನಿ ಕಸಿ ಆದವರು ತೆಗೆದುಕೊಳ್ಳುವ ಮೈಕೋಫಿನೊಲೇಟ್ ಮಾತ್ರೆಯಿಂದಲೂ ಭೇದಿ ಆಗುವುದುಂಟು. ಇದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಜ್ವರ, ಹೊಟ್ಟೆ ನುಲಿತ, ಮಲದಲ್ಲಿ ರಕ್ತ ಅಥವಾ ಲೋಳೆ ಇದ್ದರೆ ಬ್ಯಾಕ್ಟೀರಿಯಾ ಸೋಂಕಿನ ಅನುಮಾನ ಬಲವಾಗುತ್ತದೆ. ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್, ಇ. ಕೊಲೈ ಈ ಸಾಲಿಗೆ ಸೇರಿದವು. ಅಕ್ಕಿ ತೊಳೆದ ನೀರಿನಂತೆ ಧಾರೆಯಾಗಿ ಹೋಗುತ್ತಿದ್ದರೆ ಕಾಲರಾ ಇರಬಹುದು. ಅದಕ್ಕೆ ಗಂಟೆಗಳ ಲೆಕ್ಕ, ಸೀದಾ ಆಸ್ಪತ್ರೆಗೆ.

ಮಲ ಕಪ್ಪಗಿದೆ ಅಂತ ಗಾಬರಿಯಾಗುವವರು ಬಹಳ. ಕಿಡ್ನಿ ರೋಗಿಗಳಲ್ಲಿ ಹೆಚ್ಚಿನವರು ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ, ಅದರಿಂದ ಮಲ ಕಪ್ಪಾಗುವುದು ಮಾಮೂಲಿ. ಆದರೆ ಟಾರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ ಅದು ಹೊಟ್ಟೆಯೊಳಗಿನ ರಕ್ತಸ್ರಾವ. ಆಗ ಕಾಯಬಾರದು.

ಹಂತ 2: ಮನೆಯಲ್ಲಿ ನೋಡಿಕೊಳ್ಳಬಹುದಾ, ಹೊರಡಬೇಕಾ?

ಇವುಗಳಲ್ಲಿ ಒಂದಿದ್ದರೂ ಹೊರಡಿ. ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ:

- ಮಲದಲ್ಲಿ ರಕ್ತ, ಅಥವಾ 101 ಡಿಗ್ರಿಗಿಂತ ಮೇಲೆ ಜ್ವರ
- ಕುಡಿದಿದ್ದು, ನುಂಗಿದ ಮಾತ್ರೆ ಯಾವುದೂ ಹೊಟ್ಟೆಯಲ್ಲಿ ನಿಲ್ಲದಿರುವುದು
- ನಿಂತರೆ ತಲೆ ಸುತ್ತುವುದು, ಮೇಲಿನ ಬಿ.ಪಿ. 100ಕ್ಕಿಂತ ಕೆಳಗಿಳಿದಿರುವುದು
- ಕೈಕಾಲು ಸೋಲುವುದು, ಎದೆಬಡಿತ ತಪ್ಪಿದಂತೆ ಅನ್ನಿಸುವುದು (ಪೊಟ್ಯಾಸಿಯಂ ಏರುಪೇರಿನ ಸೂಚನೆ)
- ಮಂಪರು, ಮಾತು ತಡವರಿಸುವುದು, ಏದುಸಿರು
- ಮಾಮೂಲಿಗಿಂತ ಮೂತ್ರ ತೀರಾ ಕಡಿಮೆಯಾಗಿರುವುದು

ಕೊನೆಯದರ ಬಗ್ಗೆ ಒಂದು ಮಾತು. ಡಯಾಲಿಸಿಸ್‌ನಲ್ಲಿರುವ ಬಹಳಷ್ಟು ಜನರಿಗೆ ಮೂತ್ರವೇ ಬರುವುದಿಲ್ಲ, ಅವರಿಗೆ ಈ ಗುರುತು ಪ್ರಯೋಜನಕ್ಕಿಲ್ಲ. ವಯಸ್ಸಾದವರ ಚರ್ಮ ಎಳೆದು ನೋಡುವುದನ್ನೂ ನಂಬಬೇಡಿ, ಅದು ಮೊದಲೇ ಸಡಿಲ ಇರುತ್ತದೆ. ಬಿ.ಪಿ. ಮತ್ತು ತೂಕ ನೋಡಿ. ಕೂತು ಒಮ್ಮೆ, ಎದ್ದು ನಿಂತು ಒಂದೆರಡು ನಿಮಿಷಕ್ಕೆ ಇನ್ನೊಮ್ಮೆ ಬಿ.ಪಿ. ಅಳೆಯಿರಿ. ನಿಂತಾಗ ಮೇಲಿನ ಸಂಖ್ಯೆ 20 ಅಥವಾ ಹೆಚ್ಚು ಇಳಿದರೆ ದೇಹದಲ್ಲಿ ನೀರು ಕಡಿಮೆಯಾಗಿದೆ ಅಂತ ಶಂಕಿಸಬೇಕು. ಅಳೆಯುವಾಗ ಪಕ್ಕದಲ್ಲಿ ಒಬ್ಬರು ಇರಲಿ, ಬಿದ್ದುಬಿಟ್ಟಾರು.

ಹಂತ 3: ಮಾತ್ರೆ ಡಬ್ಬಿ ತೆರೆಯಿರಿ

ಜನ ಎಡವುವುದು ಜಾಸ್ತಿ ಇಲ್ಲೇ. ಒಂದಗುಳೂ ತಿನ್ನದಿದ್ದರೂ, ಹತ್ತು ಸಲ ಟಾಯ್ಲೆಟ್‌ಗೆ ಹೋಗಿದ್ದರೂ, "ಮಾತ್ರೆ ತಪ್ಪಿಸಬಾರದು" ಅಂತ ಬಿ.ಪಿ. ಮಾತ್ರೆ ನುಂಗಿಬಿಡುತ್ತಾರೆ.

ರಾಮಿಪ್ರಿಲ್, ಎನಾಲಪ್ರಿಲ್, ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಮಾತ್ರೆಗಳು ಕಿಡ್ನಿಯ ಸೋಸುಗಗಳ ಒಳಗಿನ ಒತ್ತಡ ತಗ್ಗಿಸುತ್ತವೆ. ಮಾಮೂಲಿ ದಿನಗಳಲ್ಲಿ ಅದೇ ಅವುಗಳ ಒಳ್ಳೆಯ ಗುಣ. ದೇಹ ಒಣಗಿರುವ ದಿನ ಮಾತ್ರ ಒತ್ತಡ ತೀರಾ ಇಳಿದು ಸೋಸುವ ಕೆಲಸವೇ ನಿಲ್ಲಬಹುದು. ಫ್ಯೂರೋಸೆಮೈಡ್, ಟಾರ್ಸೆಮೈಡ್, ಸ್ಪೈರನೊಲ್ಯಾಕ್ಟೋನ್‌ನಂಥ 'ನೀರಿನ ಮಾತ್ರೆ'ಗಳು, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆಗಳು, ಇರುವ ನೀರನ್ನೂ ಹೊರಹಾಕುತ್ತವೆ. ಶುಗರ್ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್‌ನಿಂದ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಿಂದ ಶುಗರ್ ತೀರಾ ಏರದೆಯೂ ಕೀಟೋನ್ (ದೇಹ ಕೊಬ್ಬು ಕರಗಿಸಿದಾಗ ರಕ್ತಕ್ಕೆ ಸೇರುವ ಆಮ್ಲ) ಏರುವ ಅಪಾಯವಿದೆ. ಗ್ಲಿಮೆಪಿರೈಡ್ ತೆಗೆದುಕೊಂಡು ಊಟ ಮಾಡದಿದ್ದರೆ ಶುಗರ್ ಇಳಿದು ಗಂಟೆಗಟ್ಟಲೆ ಮೇಲೇಳುವುದಿಲ್ಲ.

ಇಂಥ ದಿನಗಳಲ್ಲಿ ಇವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಚೀಟಿ ಇದ್ದರೆ ಅದರಂತೆ ಮಾಡಿ. ಇಲ್ಲದಿದ್ದರೆ ಮುಂದಿನ ಡೋಸ್‌ಗೆ ಮೊದಲು ಫೋನ್ ಮಾಡಿ ಕೇಳಿ. ಹೃದಯ ದುರ್ಬಲ ಇರುವವರಿಗೆ ಲೆಕ್ಕ ಬೇರೆ ಇರುತ್ತದೆ, ಕೇಳದೆ ನಿಲ್ಲಿಸಬೇಡಿ.

ಹಾಗಂತ ಇಡೀ ಡಬ್ಬಿಯನ್ನೇ ಪಕ್ಕಕ್ಕಿಡುವಂತಿಲ್ಲ. ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್), ಟ್ಯಾಕ್ರೊಲಿಮಸ್‌ನಂಥ ಕಸಿ ಮಾತ್ರೆಗಳು, ಇನ್ಸುಲಿನ್ ಇವನ್ನು ಥಟ್ಟನೆ ಬಿಡಬಾರದು. ಇನ್ಸುಲಿನ್ ಡೋಸ್ ಮಾತ್ರ ಶುಗರ್ ನೋಡಿಕೊಂಡು ಬದಲಾಗಬೇಕಾಗಬಹುದು. ಕ್ಲೋನಿಡೀನ್ ಕೂಡ ಹಾಗೆಯೇ. ದಿಢೀರನೆ ಬಿಟ್ಟರೆ ಬಿ.ಪಿ. ಗಗನಕ್ಕೇರುತ್ತದೆ.

ಹಂತ 4: ಏನು ಕುಡಿಯಬೇಕು, ಎಷ್ಟು ಕುಡಿಯಬೇಕು

ಮೊದಲು ಎಳನೀರಿನ ಲೆಕ್ಕ ಮುಗಿಸೋಣ. 100 ಎಂ.ಎಲ್. ಎಳನೀರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. 300 ಎಂ.ಎಲ್. ನೀರಿರುವ ಒಂದು ಕಾಯಿ ಕುಡಿದರೆ 750 ಮಿಲಿಗ್ರಾಂ ಆಯಿತು. ಡಬ್ಲ್ಯೂ.ಎಚ್.ಓ. ಸೂತ್ರದ ಓ.ಆರ್.ಎಸ್. ಒಂದು ಪೂರಾ ಲೀಟರ್ ಕುಡಿದರೆ ಹೋಗುವ ಪೊಟ್ಯಾಸಿಯಂ ಹೆಚ್ಚುಕಡಿಮೆ ಅಷ್ಟೇ, 780 ಮಿಲಿಗ್ರಾಂ. ಭೇದಿಯಲ್ಲಿ ಕಳೆದುಹೋಗುವ ಸೋಡಿಯಂ ಎಳನೀರಿನಲ್ಲಿ ತೀರಾ ಕಡಿಮೆ. ಅಂದರೆ ಬೇಕಾದ್ದು ಕಡಿಮೆ, ಬೇಡದ್ದು ಜಾಸ್ತಿ. ಕಿಡ್ನಿ ತೊಂದರೆ ಮುಂದುವರಿದವರಿಗೆ, ಪೊಟ್ಯಾಸಿಯಂ ಏರಿದ ಇತಿಹಾಸ ಇರುವವರಿಗೆ ಎಳನೀರು ಬೇಡವೇ ಬೇಡ. ನೆಂಟರು ನೋಡಲು ಬರುವಾಗ ತಂದರೆ ಅವರಿಗೇ ಕುಡಿಸಿ ಕಳಿಸಿ.

ಓ.ಆರ್.ಎಸ್. ಪ್ಯಾಕೆಟ್ಟನ್ನು ಮುಂದುವರಿದ ಕಿಡ್ನಿ ರೋಗವಿದ್ದರೂ ಅಗತ್ಯವಿದ್ದಾಗ ಬಳಸುತ್ತಾರೆ, ಆದರೆ ವೈದ್ಯರು ಹೇಳಿದ ಅಳತೆಯಲ್ಲಿ. ಪ್ಯಾಕೆಟ್ ಬೇಡ ಅಂತ ಅವರು ಹೇಳಿದ್ದರೆ ಮನೆಯಲ್ಲೇ ಮಾಡುವ ಸಕ್ಕರೆ-ಉಪ್ಪಿನ ನೀರಿನ ಬಗ್ಗೆ ಕೇಳಿ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಇದರಲ್ಲಿ ಪೊಟ್ಯಾಸಿಯಂ ಇಲ್ಲ.

ಇಲ್ಲಿ ಆಗುವ ತಪ್ಪುಗಳು:

*ಉಪ್ಪಿನ ಬದಲು ಲೋ ಸೋಡಿಯಂ ಉಪ್ಪು ಹಾಕುವುದು.* ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಬಿ.ಪಿ. ಇದೆ ಅಂತ ಮನೆಯಲ್ಲಿ ಅದೇ ಉಪ್ಪು ತಂದಿಟ್ಟಿರುವವರು ಬಹಳ ಮಂದಿ. ಕಿಡ್ನಿ ರೋಗಿ ಇರುವ ಮನೆಗೆ ಆ ಉಪ್ಪು ಯಾವತ್ತೂ ಬೇಡ.

*ಒಂದು ಲೋಟಕ್ಕೆ ಅಂದಾಜಿನಲ್ಲಿ ಒಂದಿಷ್ಟು ಪುಡಿ ಸುರಿಯುವುದು.* ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ ಅಂತಲೇ ಲೆಕ್ಕ ಹಾಕಿ ಮಾಡಿರುತ್ತಾರೆ. ಪೂರ್ತಿ ಪ್ಯಾಕೆಟ್ ಪೂರ್ತಿ ಲೀಟರಿಗೆ ಕಲಸಿ, 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ. ಚಿಕ್ಕ ಪ್ಯಾಕೆಟ್‌ಗಳೂ ಇವೆ, ಪ್ಯಾಕೆಟ್ ಮೇಲೆ ಬರೆದ ಅಳತೆ ಓದಿ.

*ಟೆಟ್ರಾ ಪ್ಯಾಕಿನ ಸಿಹಿ ಪಾನೀಯವನ್ನು ಓ.ಆರ್.ಎಸ್. ಅಂದುಕೊಳ್ಳುವುದು.* ಸಕ್ಕರೆ ಜಾಸ್ತಿಯಾದರೆ ಭೇದಿ ಹೆಚ್ಚಾಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್.ಎಸ್.ಎಸ್.ಎ.ಐ. ಇಂಥ ಪಾನೀಯಗಳ ಹೆಸರಿನಲ್ಲಿ ಓ.ಆರ್.ಎಸ್. ಅನ್ನುವ ಪದ ಬಳಸುವುದಕ್ಕೆ ಕಡಿವಾಣ ಹಾಕಿತು. ಆದರೂ ಕೊಳ್ಳುವಾಗ ಡಬ್ಲ್ಯೂ.ಎಚ್.ಓ. ಸೂತ್ರ ಅಂತ ಬರೆದಿದೆಯಾ ನೋಡಿ.

ಇನ್ನು ಎಷ್ಟು ಅನ್ನುವುದು. ನೀರಿನ ಮಿತಿ ಇಲ್ಲದವರು, ಕಾಲು ಊತ ಇಲ್ಲದವರು ಪ್ರತಿ ಸಲ ಭೇದಿಯಾದ ಮೇಲೆ ಒಂದು ಲೋಟ, ಅಂದರೆ ಸುಮಾರು 200 ಎಂ.ಎಲ್., ಗುಟುಕು ಗುಟುಕಾಗಿ ಕುಡಿಯಬಹುದು. ವಾಂತಿ ಇದ್ದರೆ ಚಮಚದಲ್ಲಿ.

ನೀರಿನ ಮಿತಿ ಇರುವವರಿಗೆ ತೂಕವೇ ದಾರಿದೀಪ. ದಿನದ ಮಿತಿ ಹಾಕಿರುವುದು ಹುಷಾರಾಗಿರುವ ದಿನಕ್ಕೆ. ಹೊರಹೋದ ನೀರನ್ನು ಅದಕ್ಕೆ ಸೇರಿಸಬೇಕು. ಒಂದೆರಡು ದಿನದಲ್ಲಿ ತೂಕ ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಅಂತ ಅರ್ಥ. ಬೆಳಿಗ್ಗೆ, ಸಂಜೆ ಒಂದೇ ಥರದ ಬಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ತೂಕ ಮಾಮೂಲಿ ಮಟ್ಟಕ್ಕೆ ಬಂದ ಮೇಲೆ ಹಳೆಯ ಮಿತಿಗೆ ವಾಪಸಾಗಿ. ತೂಕ ಏರುತ್ತಾ ಹೋಗಿ ಉಸಿರು ಕಟ್ಟಿದಂತಾದರೆ ಕುಡಿದಿದ್ದು ಜಾಸ್ತಿಯಾಗಿದೆ, ಆಸ್ಪತ್ರೆಗೆ ಹೋಗಬೇಕು.

ಹಂತ 5: ಊಟ

ಹೊಟ್ಟೆ ಖಾಲಿ ಬಿಡಬೇಡಿ. ಮೆತ್ತಗೆ ಬೇಯಿಸಿದ ಅನ್ನ, ಅಕ್ಕಿ ಗಂಜಿ, ರವೆ ಗಂಜಿ, ಇಡ್ಲಿ ನಡೆಯುತ್ತವೆ. ಮೊಸರನ್ನ ಸ್ವಲ್ಪ ಸ್ವಲ್ಪ. ಬಾಳೆಹಣ್ಣು, ದಾಳಿಂಬೆ ರಸ, ಮೂಸಂಬಿ ರಸ ಪೊಟ್ಯಾಸಿಯಂ ಮಿತಿ ಇರುವವರಿಗೆ ಬೇಡ. ಗಂಜಿಯ ನೀರನ್ನೂ ಕುಡಿದ ನೀರಿನ ಲೆಕ್ಕಕ್ಕೆ ಸೇರಿಸಿ.

ಹಂತ 6: ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರಬಾರದ್ದು

ಹೊಟ್ಟೆ ನೋವು ಅಂದ ತಕ್ಷಣ ಅಂಗಡಿಯವರು ಕೊಡುವ ಮೆಫ್ಟಾಲ್ ಸ್ಪಾಸ್‌ನಲ್ಲಿ ಮೆಫೆನಮಿಕ್ ಆ್ಯಸಿಡ್ ಇದೆ. ಅದು ಡೈಕ್ಲೊಫಿನಾಕ್, ಐಬುಪ್ರೊಫೆನ್ ಗುಂಪಿನದೇ ನೋವಿನ ಮಾತ್ರೆ. "ನಾನು ಪೇನ್ ಕಿಲ್ಲರ್ ಮುಟ್ಟೋದೇ ಇಲ್ಲ" ಅನ್ನುವವರೂ ಇದನ್ನು ಹೊಟ್ಟೆಯ ಮಾತ್ರೆ ಅಂದುಕೊಂಡು ನುಂಗುತ್ತಾರೆ. ಒಣಗಿದ ದೇಹಕ್ಕೆ ಈ ಗುಂಪಿನ ಮಾತ್ರೆ ಬಿದ್ದರೆ ಕಿಡ್ನಿಗೆ ಎರಡು ಕಡೆಯಿಂದ ಹೊಡೆತ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ಭೇದಿ ನಿಲ್ಲಿಸುವ ಲೋಪೆರಮೈಡ್ ಅನ್ನು ಜ್ವರ ಅಥವಾ ರಕ್ತ ಇದ್ದಾಗ ತೆಗೆದುಕೊಳ್ಳಬಾರದು. ವಿಷ ಒಳಗೇ ಉಳಿಯುತ್ತದೆ. ಇ. ಕೊಲೈನ ಒಂದು ತಳಿ ಶಿಗಾ ಅನ್ನುವ ವಿಷ ಬಿಡುತ್ತದೆ. ಅದು ಆರೋಗ್ಯವಂತರ ಕಿಡ್ನಿಯನ್ನೂ ಕೆಡಿಸಬಲ್ಲದು. ರಕ್ತಭೇದಿಯಲ್ಲಿ ಸ್ವಂತ ವೈದ್ಯ ಮಾಡಬೇಡಿ ಅನ್ನುವುದು ಇದಕ್ಕೇ. ಮೆಗ್ನೀಸಿಯಂ ಇರುವ ಆಂಟಾಸಿಡ್ ಸಿರಪ್‌ಗಳೂ ಬೇಡ, ಮೆಗ್ನೀಸಿಯಂ ಹೊರಹೋಗುವುದೂ ಕಿಡ್ನಿ ಮೂಲಕವೇ.

ಆಂಟಿಬಯಾಟಿಕ್ ಎಲ್ಲ ಭೇದಿಗೂ ಬೇಕಿಲ್ಲ. ಬೇಕಾದರೂ ಕೆಲವದರ ಡೋಸ್ ಕಿಡ್ನಿ ಶಕ್ತಿಗೆ ತಕ್ಕಂತೆ ಇಳಿಸಬೇಕು. ಊರಿನ ಕ್ಲಿನಿಕ್‌ನಲ್ಲಿ ತೋರಿಸುವುದಾದರೆ ಬಾಗಿಲಲ್ಲೇ "ನನಗೆ ಕಿಡ್ನಿ ತೊಂದರೆ ಇದೆ" ಅಂತ ಹೇಳಿ, ಕೊನೆಯ ಕ್ರಿಯಾಟಿನಿನ್ ರಿಪೋರ್ಟ್ ಮುಂದಿಡಿ. ಅಮಿಕಾಸಿನ್, ಜೆಂಟಾಮೈಸಿನ್ ಇಂಜೆಕ್ಷನ್ ಕಿಡ್ನಿಗೆ ಹಾನಿ ಮಾಡಬಲ್ಲವು. ಸಿಪ್ರೊಫ್ಲಾಕ್ಸಾಸಿನ್ ಬರೆದುಕೊಟ್ಟರೆ ಇನ್ನೊಂದು ಎಚ್ಚರ: ರಂಜಕ (ಫಾಸ್ಫರಸ್) ತಗ್ಗಿಸಲು ಊಟದ ಜೊತೆ ತೆಗೆದುಕೊಳ್ಳುವ ಕ್ಯಾಲ್ಸಿಯಂ ಅಸಿಟೇಟ್, ಸೆವೆಲಮರ್ ಮಾತ್ರೆಗಳು, ಕಬ್ಬಿಣದ ಮಾತ್ರೆ ಎಲ್ಲವೂ ಅದನ್ನು ಕರುಳಿನಲ್ಲೇ ಹಿಡಿದಿಟ್ಟುಬಿಡುತ್ತವೆ. ಇವಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಸಿಪ್ರೊ ತೆಗೆದುಕೊಳ್ಳಬೇಕು.

ಪ್ರೊಬಯಾಟಿಕ್ ಪುಡಿ 'ಒಳ್ಳೆಯ ಬ್ಯಾಕ್ಟೀರಿಯಾ' ತಾನೇ ಅಂತ ಸುಮ್ನೆ ತಗೊಳ್ಳುವವರಿದ್ದಾರೆ. ಕಸಿ ಆದವರು, ಕತ್ತಿನಲ್ಲಿ ಡಯಾಲಿಸಿಸ್ ಕ್ಯಾಥೆಟರ್ (ರಕ್ತನಾಳಕ್ಕೆ ಹಾಕಿದ ಕೊಳವೆ) ಇರುವವರು ಕೇಳದೆ ತೆಗೆದುಕೊಳ್ಳಬಾರದು. ಸ್ಯಾಕರೊಮೈಸಿಸ್ ಬೌಲಾರ್ಡಿ ಅನ್ನುವ ಯೀಸ್ಟ್ ಇರುವ ಪುಡಿಯನ್ನಂತೂ ಅಂಥವರ ಹತ್ತಿರ ಒಡೆಯಲೂಬಾರದು. ಗಾಳಿಯಿಂದ, ಕೈಯಿಂದ ಅದು ಕ್ಯಾಥೆಟರ್ ಮೂಲಕ ರಕ್ತಕ್ಕೆ ಸೇರಿದ ಪ್ರಕರಣಗಳಿವೆ.

ಹಂತ 7: ಇತ್ತೀಚೆಗೆ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ

ಇದನ್ನು ಡಾಕ್ಟರು ಕೇಳದಿದ್ದರೂ ನೀವಾಗಿಯೇ ಹೇಳಿ. ಆಂಟಿಬಯಾಟಿಕ್ ನಡೆಯುತ್ತಿರುವಾಗ ಅಥವಾ ಮುಗಿದು ಎರಡು ಮೂರು ತಿಂಗಳ ಒಳಗೆ ಭೇದಿ ಶುರುವಾದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಅನ್ನುವ ಬ್ಯಾಕ್ಟೀರಿಯಾ ಕಾರಣ ಇರಬಹುದು. ಆಸ್ಪತ್ರೆಗಳಲ್ಲಿ ಚುಟುಕಾಗಿ ಸಿ. ಡಿಫ್ ಅನ್ನುತ್ತಾರೆ. ಆಂಟಿಬಯಾಟಿಕ್‌ನಿಂದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತಾಗ ಇದು ಬೆಳೆದು ವಿಷ ಬಿಡುತ್ತದೆ. ಕಿಡ್ನಿ ರೋಗಿಗಳಲ್ಲಿ, ಅದರಲ್ಲೂ ಡಯಾಲಿಸಿಸ್‌ನಲ್ಲಿರುವವರಲ್ಲಿ, ಇದರ ಅಪಾಯ ಬೇರೆಯವರಿಗಿಂತ ಹೆಚ್ಚು. ಒಮ್ಮೆ ಬಂದರೆ ಮತ್ತೆ ಮರುಕಳಿಸುವುದೂ ಉಂಟು.

ಪತ್ತೆಗೆ ನೀರಾಗಿ ಹೋದ ಮಲದ ಸ್ಯಾಂಪಲ್ ಬೇಕು. ಗಟ್ಟಿ ಮಲದಲ್ಲಿ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಚಿಕಿತ್ಸೆಗೆ ಬಳಸುವ ಔಷಧಿಗಳಲ್ಲಿ ಒಂದು ವ್ಯಾಂಕೊಮೈಸಿನ್, ಬಾಯಿಯ ಮೂಲಕ. ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ, 10 ದಿನ. "ಡಯಾಲಿಸಿಸ್‌ನಲ್ಲಿ ಇದನ್ನೇ ಇಂಜೆಕ್ಷನ್ ಕೊಟ್ಟಿದ್ರಲ್ಲ, ಮತ್ಯಾಕೆ?" ಅಂತ ಕೇಳುತ್ತಾರೆ. ರಕ್ತಕ್ಕೆ ಕೊಟ್ಟ ವ್ಯಾಂಕೊಮೈಸಿನ್ ಕರುಳಿನೊಳಗಿನ ಸಿ. ಡಿಫ್‌ಗೆ ಕೆಲಸ ಮಾಡುವುದಿಲ್ಲ. ಬಾಯಿಂದ ಕೊಟ್ಟದ್ದು ರಕ್ತಕ್ಕೆ ಹೆಚ್ಚೇನೂ ಸೇರುವುದಿಲ್ಲ, ಕರುಳಲ್ಲೇ ಉಳಿದು ಅಲ್ಲೇ ಕೆಲಸ ಮಾಡುತ್ತದೆ. ಹಾಗಾಗಿ ಕಿಡ್ನಿಗೆಂದು ಡೋಸ್ ಇಳಿಸಬೇಕಾಗಿಯೂ ಇಲ್ಲ.

ಈ ರೋಗಾಣುವಿನ ಬೀಜಕಣಗಳು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ. ನೋಡಿಕೊಳ್ಳುವವರು ಸೋಪು ಹಾಕಿ, ಹರಿಯುವ ನೀರಿನಲ್ಲಿ ಕೈ ಉಜ್ಜಿ ತೊಳೆಯಬೇಕು. ಟಾಯ್ಲೆಟ್, ನಲ್ಲಿಯ ಹಿಡಿ, ಬಾಗಿಲ ಚಿಲಕವನ್ನು ಬ್ಲೀಚ್ ದ್ರಾವಣದಿಂದ ಒರೆಸಿ. ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಬೆರೆಸಬೇಡಿ. ವಿಷಾನಿಲ ಏಳುತ್ತದೆ.

ಹಂತ 8: ಡಯಾಲಿಸಿಸ್‌ನಲ್ಲಿರುವವರು, ಕಸಿ ಆದವರು

ಭೇದಿ ಅಂತ ಡಯಾಲಿಸಿಸ್ ತಪ್ಪಿಸಬೇಡಿ. ಮಷಿನ್‌ಗೆ ಹಾಕುವ ಮೊದಲೇ ಟೆಕ್ನಿಷಿಯನ್‌ಗೆ ಹೇಳಿ: ಎಷ್ಟು ಸಲ ಹೋಗಿದೆ, ತೂಕ ಎಷ್ಟಿದೆ. ಎಂದಿನಷ್ಟೇ ನೀರು ಎಳೆದರೆ ನಡುವೆಯೇ ಬಿ.ಪಿ. ಕುಸಿಯುತ್ತದೆ. ಬಿ.ಪಿ. ಇಳಿದ ದಿನಗಳಲ್ಲಿ ಕೈಯಲ್ಲಿನ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಹೆಪ್ಪುಗಟ್ಟುವ ಸಂಭವ ಹೆಚ್ಚು. ಬೆರಳಿಟ್ಟರೆ ಸಿಗುವ ಆ ಝುಂ ಅನ್ನುವ ಕಂಪನವನ್ನು ದಿನಕ್ಕೆ ನಾಲ್ಕಾರು ಸಲ ನೋಡಿ. ನಿಂತಿದ್ದರೆ ಅದೇ ಗಂಟೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್‌ನವರಿಗೆ ಹೊಟ್ಟೆ ನೋವು ಬಂದರೆ ಮೊದಲು ಹೊರಬಂದ ನೀರಿನ ಬ್ಯಾಗ್ ನೋಡಬೇಕು. ಬ್ಯಾಗಿನ ಹಿಂದೆ ದಿನಪತ್ರಿಕೆ ಹಿಡಿಯಿರಿ. ಅಕ್ಷರ ಮಸುಕಾಗಿ ಕಂಡರೆ ನೀರು ಕದಡಿದೆ, ಹೊಟ್ಟೆಯ ಪೊರೆಗೇ ಸೋಂಕು ತಗುಲಿದೆ ಅಂತ ತಿಳಿದುಕೊಂಡು ಆ ಬ್ಯಾಗನ್ನು ಚೆಲ್ಲದೆ ಆಸ್ಪತ್ರೆಗೆ ಒಯ್ಯಿರಿ.

ಕಸಿ ಆದವರು ಮೊದಲ ದಿನವೇ ತಮ್ಮ ಕಸಿ ತಂಡಕ್ಕೆ ತಿಳಿಸಬೇಕು. ಭೇದಿಯ ದಿನಗಳಲ್ಲಿ ಟ್ಯಾಕ್ರೊಲಿಮಸ್ ರಕ್ತಕ್ಕೆ ಎಂದಿಗಿಂತ ಹೆಚ್ಚು ಸೇರುತ್ತದೆ, ಮಟ್ಟ ಏರಿದರೆ ಹೊಸ ಕಿಡ್ನಿಗೇ ಪೆಟ್ಟು. ವಾಂತಿಯಲ್ಲಿ ಮಾತ್ರೆ ಹೊರಬಿದ್ದರೆ ಮಟ್ಟ ಇಳಿಯಲೂಬಹುದು. ರಕ್ತ ಪರೀಕ್ಷೆ ಮಾಡಿಯೇ ಹೇಳಬೇಕು.

ಹಂತ 9: ನಿಂತ ಮೇಲೆ

ಎಂದಿನಂತೆ ತಿಂದು ಕುಡಿಯಲು ಶುರುಮಾಡಿ 24ರಿಂದ 48 ಗಂಟೆ ಕಳೆದ ಮೇಲೆ, ನಿಲ್ಲಿಸಿದ್ದ ಮಾತ್ರೆಗಳನ್ನು ಡಾಕ್ಟರ ಸೂಚನೆಯಂತೆ ಮತ್ತೆ ಶುರುಮಾಡಬೇಕು. ನಿಲ್ಲಿಸುವುದು ನೆನಪಿರುತ್ತದೆ, ಶುರುಮಾಡುವುದು ಮರೆತುಹೋಗುತ್ತದೆ. ತಿಂಗಳು ಕಳೆದು ಬಿ.ಪಿ. 180 ಆದಾಗ ಗೊತ್ತಾಗುತ್ತದೆ. ನಿಲ್ಲಿಸಿದ ದಿನವೇ ಕ್ಯಾಲೆಂಡರ್ ಮೇಲೆ ಮಾತ್ರೆಯ ಹೆಸರು ಬರೆದುಬಿಡಿ. ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆಯನ್ನು ಒಂದು ವಾರದೊಳಗೆ ಮಾಡಿಸಿ.

ಇನ್ನು ಎಲ್ಲಿಂದ ಬಂತು ಅಂತ ಹುಡುಕಿ. ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದ್ದರೆ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಬಾಯಾರಿಕೆ ತಡೆಯಲು ಐಸ್ ಚೀಪುವ ಡಯಾಲಿಸಿಸ್‌ನವರು ಆ ಐಸನ್ನೂ ಕುದಿಸಿ ಆರಿಸಿದ ನೀರಿನಲ್ಲೇ ಮಾಡಬೇಕು. ಇದನ್ನು ಹೆಚ್ಚಿನವರು ಯೋಚಿಸಿಯೇ ಇರುವುದಿಲ್ಲ. ರಾತ್ರಿಯ ಅನ್ನವನ್ನು ಹಾಗೇ ಹೊರಗಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವ ಅಭ್ಯಾಸ ಇದ್ದರೆ ಬಿಡಿ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಬಿಡುವ ವಿಷ ಒಗ್ಗರಣೆಯ ಬಿಸಿಗೂ ಜಗ್ಗುವುದಿಲ್ಲ. ಉಳಿದ ಅನ್ನವನ್ನು ಬೇಗ ಆರಿಸಿ ಫ್ರಿಜ್‌ಗೆ ಹಾಕಿ, ಮಾರನೆಯ ದಿನ ಹಬೆಯಾಡುವಷ್ಟು ಬಿಸಿ ಮಾಡಿ ಒಮ್ಮೆಗೇ ಮುಗಿಸಿ.